ಹಾಡಬೇಡವೆಂದವರು ಯಾರು?

ಏಪ್ರಿಲ್ ಮಧ್ಯಭಾಗದಲ್ಲಿ ಶಾಲೆಗಳಿಗೆ ರಜೆ ದೊರೆತೊಡನೆ ನಮ್ಮ ಧರ್ಮಕೇಂದ್ರದ ಸಭಾಂಗಣಕ್ಕೆ ಜೀವ ಬರುತ್ತದೆ. ಮಕ್ಕಳ ಬೇಸಿಗೆ ಶಿಬಿರದಲ್ಲಿ ಆಟ, ಚಿತ್ರಕಲೆ, ನೀತಿಬೋಧೆಗಳ ಜೊತೆಗೆ ಸಂಗೀತಕ್ಕೂ ದಿನಕ್ಕೊಂದು ಗಂಟೆ ಮೀಸಲು. ಅದನ್ನು ನಡೆಸಿಕೊಡುವವರು ಶಾಲೆಯೊಂದರಲ್ಲಿ ಮೂವತ್ತು ವರ್ಷಗಳಿಗೂ ಮಿಗಿಲಾಗಿ ಸಂಗೀತ ಕಲಿಸಿ ನಿವೃತ್ತರಾದ ಶಿಕ್ಷಕಿ. ಈ ಬಾರಿ ಆಹ್ವಾನಿಸಲು ಅವರ ಮನೆಗೆ ಹೋದಾಗ ಅವರು ಕೂಡಲೇ ಒಪ್ಪಲಿಲ್ಲ. “ಫಾದರ್, ನಾನು ಮಕ್ಕಳಿಗೆ ಹಾಡು ಕಲಿಸಿದೆನೋ, ಹಾಡುವುದನ್ನೇ ಮರೆಸಿದೆನೋ ಎಂಬ ಸಂಶಯ ಕಾಡುತ್ತಿದೆ” ಎಂದರು.

ಕಾರಣವನ್ನೂ ಅವರೇ ಹೇಳಿದರು. ಹಳೆಯ ವಿದ್ಯಾರ್ಥಿನಿಯೊಬ್ಬಳ ಬಾಣಂತನದ ಮನೆಗೆ ಮಗುವನ್ನು ನೋಡಲು ಹೋಗಿದ್ದರಂತೆ. ಮಗು ಅತ್ತಿತು. ತಾಯಿ ಮೊಬೈಲಿನಲ್ಲಿ ಜೋಗುಳವೊಂದನ್ನು ಹಚ್ಚಿ ತೊಟ್ಟಿಲ ಬದಿಗಿಟ್ಟಳು. “ನೀನೇ ಒಂದು ಹಾಡಬಾರದೇನಮ್ಮಾ?” ಎಂದು ಇವರು ಕೇಳಿದಾಗ ಆಕೆ ನಗುತ್ತಲೇ ಉತ್ತರಿಸಿದಳು: “ನನಗೆ ಹಾಡಲು ಬರುವುದಿಲ್ಲ ಟೀಚರ್. ವಾರ್ಷಿಕೋತ್ಸವದ ದಿನ ನೀವೇ ಹೇಳಿದ್ದಿರಲ್ಲ, ಹಿಂದಿನ ಸಾಲಿನಲ್ಲಿ ನಿಂತು ತುಟಿ ಮಾತ್ರ ಆಡಿಸು ಎಂದು.”

ಶಿಕ್ಷಕಿಗೆ ಆ ಮಾತು ಆಡಿದ ನೆನಪೂ ಇರಲಿಲ್ಲ. ಕೇಳಿದವಳು ಮಾತ್ರ ಅದನ್ನು ಇಪ್ಪತ್ತು ವರ್ಷ ಜತನವಾಗಿ ಕಾಪಾಡಿಕೊಂಡು ಬಂದಿದ್ದಳು.

ಆ ದಿನ ಶಿಕ್ಷಕಿಯ ಉದ್ದೇಶ ಕೆಟ್ಟದಾಗಿರಲಿಲ್ಲ. ಸಮೂಹಗಾನ ಶ್ರುತಿಶುದ್ಧವಾಗಿರಲಿ ಎಂಬುದಷ್ಟೇ ಅವರ ಕಾಳಜಿ. ವೇದಿಕೆಗೆ ಅದು ಸರಿಯಾದ ಅಳತೆಗೋಲು. ಆದರೆ ವೇದಿಕೆಯ ಅಳತೆಗೋಲನ್ನೇ ಮನೆಗೂ ತಂದಾಗ ಅನಾಹುತವಾಗುತ್ತದೆ. ಹಾಡು ಬಲ್ಲವರ ಸ್ವತ್ತಾಗುತ್ತದೆ. ಉಳಿದವರು ಬಾಳಿನುದ್ದಕ್ಕೂ ಶ್ರೋತೃಗಳಾಗಿ ಉಳಿಯುತ್ತಾರೆ.

ನಮ್ಮ ನಾಡಿನ ಹಿರಿಯರಿಗೆ ಈ ವಿಂಗಡಣೆ ತಿಳಿದಿರಲಿಲ್ಲ. ರಾಗಿ ಬೀಸುವಾಗ ಬೀಸುವ ಪದ, ಭತ್ತ ಕುಟ್ಟುವಾಗ ಕುಟ್ಟುವ ಪದ, ಮದುವೆಯಲ್ಲಿ ಸೋಬಾನೆ, ತೊಟ್ಟಿಲ ಬಳಿ ಜೋಗುಳ. ಹಲಸಂಗಿಯ ಗೆಳೆಯರು ಸಂಗ್ರಹಿಸಿಕೊಟ್ಟ ‘ಗರತಿಯ ಹಾಡು’ ಸಂಕಲನದ ತ್ರಿಪದಿಗಳನ್ನು ಇಂದು ವಿದ್ವಾಂಸರೂ ತಲೆದೂಗಿ ಓದುತ್ತಾರೆ. ಅವನ್ನು ಕಟ್ಟಿ ಹಾಡಿದವರು ಯಾವ ಪಾಠಶಾಲೆಗೂ ಹೋಗದ ಗೃಹಿಣಿಯರು. ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿದಾಗ ತಾಯಂದಿರ ತೋಳುಗಳಿಗೆ ವಿಶ್ರಾಂತಿ ದೊರೆತದ್ದು ಒಳ್ಳೆಯದೇ. ಆ ಕಲ್ಲಿನೊಂದಿಗೆ ಹಾಡೂ ಮೂಲೆ ಸೇರಿದ್ದನ್ನು ನಾವು ಗಮನಿಸಲಿಲ್ಲ.

ಧರ್ಮಸಭೆಯ ಇತಿಹಾಸದಲ್ಲಿಯೂ ಇದಕ್ಕೆ ನಿದರ್ಶನವಿದೆ. 386ರಲ್ಲಿ ಮಿಲಾನ್ ನಗರದಲ್ಲಿ ರಾಜಮಾತೆ ಜಸ್ಟೀನಾ ಧರ್ಮಾಧ್ಯಕ್ಷ ಸಂತ ಅಂಬ್ರೋಸರ ಮೇಲೆ ಒತ್ತಡ ತಂದಾಗ, ಜನರು ಅವರೊಡನೆ ದೇವಾಲಯದಲ್ಲಿಯೇ ಹಗಲಿರುಳು ಕಾವಲಿದ್ದರು. ಅವರು ದುಃಖದಿಂದ ಕುಗ್ಗಿಹೋಗಬಾರದೆಂದು ಪೂರ್ವದೇಶಗಳ ಪದ್ಧತಿಯಂತೆ ಎಲ್ಲರೂ ಕೂಡಿ ಕೀರ್ತನೆಗಳನ್ನು ಹಾಡುವ ರೂಢಿ ಅಲ್ಲಿ ಆರಂಭವಾಯಿತೆಂದು ಸಂತ ಅಗಸ್ಟೀನರು ತಮ್ಮ ‘ಕನ್ಫೆಷನ್ಸ್’ ಕೃತಿಯಲ್ಲಿ ದಾಖಲಿಸಿದ್ದಾರೆ. ಆ ಗುಂಪಿನಲ್ಲಿ ಅವರ ತಾಯಿ ಮೋನಿಕಮ್ಮನವರೂ ಇದ್ದರು. ಭಯದ ಆ ರಾತ್ರಿಗಳಲ್ಲಿ ಯಾರ ಕಂಠ ಇಂಪಾಗಿದೆ, ಯಾರದು ಅಪಸ್ವರ ಎಂದು ಯಾರಾದರೂ ಪರೀಕ್ಷಿಸಿದ್ದರೇ?

ಶಿಶುವಿನ ಕಿವಿಯೂ ಹಾಗೆಯೇ. ಹುಟ್ಟಿ ಮೂರು ದಿನವೂ ತುಂಬದ ಮಕ್ಕಳು ಪರಸ್ತ್ರೀಯ ದನಿಗಿಂತ ತಮ್ಮ ತಾಯಿಯ ದನಿಯನ್ನೇ ಬಯಸುತ್ತಾರೆಂದು 1980ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಪ್ರಯೋಗದಿಂದ ತೋರಿಸಿಕೊಟ್ಟರು. ಮೊಬೈಲಿನಲ್ಲಿ ಹಾಡುವ ಗಾಯಕಿ ಎಷ್ಟೇ ಪ್ರಸಿದ್ಧಳಾಗಿರಲಿ, ತೊಟ್ಟಿಲ ಮಗುವಿಗೆ ಆಕೆ ಅಪರಿಚಿತಳು. ಶ್ರುತಿ ತಪ್ಪಿದ ತಾಯಿ ಅಪರಿಚಿತಳಲ್ಲ.

ಇಷ್ಟನ್ನು ಬರೆಯುವಾಗ ನನ್ನ ಅಂತಃಸಾಕ್ಷಿಯೂ ನನ್ನನ್ನು ಚುಚ್ಚುತ್ತದೆ. ಹಬ್ಬದ ಬಲಿಪೂಜೆ ಭವ್ಯವಾಗಿರಲೆಂದು ಗಾಯನವೃಂದಕ್ಕೆ ದೊಡ್ಡ ಧ್ವನಿವರ್ಧಕಗಳನ್ನು ತರಿಸಿದವನು ನಾನೇ. ಅಂದಿನಿಂದ ಹಿಂದಿನ ಬೆಂಚುಗಳ ಅಜ್ಜಿಯರು ಹಾಡುವುದನ್ನು ನಿಲ್ಲಿಸಿದರು. ‘ತುಟಿ ಮಾತ್ರ ಆಡಿಸಿ’ ಎಂದು ಬಾಯಿಬಿಟ್ಟು ಹೇಳಲಿಲ್ಲವೆಂಬುದಷ್ಟೇ ನನಗೂ ಆ ಶಿಕ್ಷಕಿಗೂ ಇರುವ ವ್ಯತ್ಯಾಸ.

ಕೊನೆಗೆ ಅವರು ಶಿಬಿರಕ್ಕೆ ಒಪ್ಪಿಕೊಂಡರು, ಒಂದು ಷರತ್ತಿನ ಮೇಲೆ: ಸಮಾರೋಪದ ದಿನ ಸ್ಪರ್ಧೆಯೂ ಇಲ್ಲ, ಬಹುಮಾನವೂ ಇಲ್ಲ. ಮೊದಲ ದಿನ ಮಕ್ಕಳಿಗೆ ಅವರು ಕೊಟ್ಟ ಪಾಠ, ಮನೆಯವರೊಬ್ಬರಿಂದ ಒಂದು ಹಾಡನ್ನು ಕಲಿತು ಬರುವುದು. ಮರುದಿನ ಅರ್ಧದಷ್ಟು ಮಕ್ಕಳು ಬರಿಗೈಯಲ್ಲಿ ಬಂದರು. “ನಮ್ಮ ಮನೆಯಲ್ಲಿ ಯಾರೂ ಹಾಡುವುದಿಲ್ಲ ಮಿಸ್” ಎಂದ ಹುಡುಗನೊಬ್ಬನಿಗೆ ಅವರು, “ಹಾಗಾದರೆ ನೀನು ಇಲ್ಲಿಂದ ಒಂದನ್ನು ಕೊಂಡುಹೋಗು” ಎಂದರು.

ಆ ಬಾಣಂತಿಯ ಮನೆಗೂ ಅವರು ಮತ್ತೆ ಹೋಗಿ, “ಅಂದು ನಾನು ಹೇಳಿದ್ದು ತಪ್ಪು ಮಗಳೇ” ಎಂದು ಹೇಳಿ ಬಂದಿದ್ದಾರೆ.

“ಈಗ ಹಾಡುತ್ತಾಳೆಯೇ?” ಎಂದು ಕೇಳಿದೆ.

“ಇನ್ನೂ ಇಲ್ಲ ಫಾದರ್. ಬಾಗಿಲು ಹಾಕಿಕೊಂಡು ಗುನುಗುತ್ತಾಳಂತೆ.”

ಪ್ರಿಯ ತಾಯಿತಂದೆಯರೇ, ರಜೆ ಮುಗಿಯಲು ಇನ್ನೂ ಕೆಲವು ದಿನಗಳಿವೆ. ಇಂದು ರಾತ್ರಿ ಜಪಸರ ಮುಗಿದ ಮೇಲೆ ಟೀವಿ ಹಚ್ಚುವ ಮುನ್ನ ನಿಮಗೆ ಬಲ್ಲ ಹಾಡೊಂದನ್ನು ಮಕ್ಕಳೊಡನೆ ಹಾಡಿರಿ. ಮರೆತ ಸಾಲುಗಳನ್ನು ಅಜ್ಜಿಯನ್ನು ಕೇಳಿರಿ. ಸ್ವರ ತಪ್ಪಿದರೆ ಮಕ್ಕಳು ನಕ್ಕಾರು, ನಗಲಿ. ಹಿಂದಿನ ಬೆಂಚಿನ ಅಜ್ಜಿಯರು ಮತ್ತೆ ಹಾಡಲೆಂದು ಮುಂದಿನ ಭಾನುವಾರ ಧ್ವನಿವರ್ಧಕದ ಸದ್ದನ್ನು ತಗ್ಗಿಸುವ ಹೊಣೆ ನನ್ನದು.