ಇಯರ್‌ಬುಕ್ ಫೋಟೊಗಳೂ ಒಂದು ದೀರ್ಘ ಸಮೀಕ್ಷೆಯೂ

ಅಮೆರಿಕದ ಹೈಸ್ಕೂಲುಗಳು ಪ್ರತಿವರ್ಷ ‘ಇಯರ್‌ಬುಕ್’ ಅಚ್ಚು ಹಾಕಿಸುತ್ತವೆ. ಕೊನೆಯ ವರ್ಷದ ಮಕ್ಕಳ ಮುಖ, ಕೆಳಗೆ ಹೆಸರು. ವಿಸ್ಕಾನ್ಸಿನ್ ರಾಜ್ಯದ 1957ರ ಇಯರ್‌ಬುಕ್‌ಗಳು ದಶಕಗಳ ಬಳಿಕ ಸಂಶೋಧಕರ ಮೇಜಿಗೆ ಬಂದವು. ಆ ವರ್ಷ ಹೈಸ್ಕೂಲು ಮುಗಿಸಿದವರ ಬದುಕನ್ನು ಹಿಂಬಾಲಿಸುತ್ತ ಬಂದಿದ್ದ ‘ವಿಸ್ಕಾನ್ಸಿನ್ ಲಾಂಗಿಟ್ಯೂಡಿನಲ್ ಸ್ಟಡಿ’ಗೆ ಒಂದು ಕೊರತೆಯಿತ್ತು: ಹದಿಹರೆಯದಲ್ಲಿ ಇವರ ತೂಕ ಎಷ್ಟಿತ್ತೆಂದು ಯಾರೂ ಕೇಳಿರಲಿಲ್ಲ. ಎಷ್ಟು ದುಡ್ಡು ಸುರಿದರೂ 1957ರ ಹುಡುಗನನ್ನು ಈಗ ತಕ್ಕಡಿಯ ಮೇಲೆ ನಿಲ್ಲಿಸಲಾಗದು. ಆದರೆ ಅವನ ಕೆನ್ನೆ, ಗದ್ದ ಅಚ್ಚಿನಲ್ಲಿ ಉಳಿದಿದ್ದವು.

ಹಲವರನ್ನು ಕೂರಿಸಿ, 11 ಹಂತಗಳ ಅಳತೆಪಟ್ಟಿ ಕೊಟ್ಟು, ಒಂದೊಂದು ಮುಖ ಎಷ್ಟು ತುಂಬಿಕೊಂಡಿದೆ ಎಂದು ಅಂಕ ಹಾಕಿಸಿದರು. ಒಬ್ಬರ ಕಣ್ಣು ತಪ್ಪಬಹುದು, ಹಲವರ ಅಂಕ ಕೂಡಿಸಿದರೆ ನಂಬಬಹುದಾದ ಅಳತೆ ಸಿಗುತ್ತದೆ. ರಾಬರ್ಟ್ ಹೌಸರ್ ಸೇರಿ ಮೂವರು ಸಂಶೋಧಕರು 2009ರಲ್ಲಿ ‘ಡೆಮಾಗ್ರಫಿ’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಫೋಟೊದಲ್ಲಿ ಅತಿತೂಕದವರಾಗಿ ಕಂಡವರಿಗೆ ಐವತ್ತು ದಾಟಿದ ಮೇಲೆ ಬೊಜ್ಜು ಬರುವ ಸಾಧ್ಯತೆ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಅಕಾಲ ಮರಣದ ಅಪಾಯವೂ ಹೆಚ್ಚು. ಹೊಸ ಯಂತ್ರವಿಲ್ಲ, ಪ್ರಯೋಗಾಲಯವಿಲ್ಲ. ಹಳೆಯ ಸಮೀಕ್ಷೆಯನ್ನು ಹೊಸದಾಗಿಸುವುದಕ್ಕೆ ಇದಕ್ಕಿಂತ ಜಾಣ ದಾರಿಯನ್ನು ನಾನು ಕಂಡಿಲ್ಲ.

ಇದೆಲ್ಲ ಆರಂಭವಾದದ್ದು ಸರ್ಕಾರಿ ಲೆಕ್ಕಾಚಾರದಿಂದ. ಮುಂದೆ ಎಷ್ಟು ಮಂದಿ ಕಾಲೇಜು ಸೇರಬಹುದೆಂದು ತಿಳಿಯಲು 1957ರಲ್ಲಿ ರಾಜ್ಯದ ಹೈಸ್ಕೂಲು ಅಂತಿಮ ವರ್ಷದವರಿಗೆ ಪ್ರಶ್ನಾವಳಿ ಹಂಚಲಾಯಿತು. ಕೆಲಸ ಮುಗಿದ ಮೇಲೆ ಆ ಉತ್ತರಗಳ ಬೆಲೆ ಗುರುತಿಸಿದವರು ಮ್ಯಾಡಿಸನ್ ನಗರದ ಸಮಾಜಶಾಸ್ತ್ರಜ್ಞ ವಿಲಿಯಂ ಸೂವೆಲ್. ಮೂರರಲ್ಲೊಂದು ಪಾಲು, ಅಂದರೆ 10,317 ಮಂದಿ, ಅಧ್ಯಯನದ ಬಳಗವಾದರು.

ಮುಂದಿನ ಸುತ್ತಿಗೆ, 1964ರಲ್ಲಿ, ಅವರನ್ನು ಹುಡುಕುವುದು ಹೇಗೆ? ಹುಡುಗರು ಸೇನೆಗೆ, ಬೇರೆ ಊರಿಗೆ ಹೋಗಿದ್ದರು. ಹುಡುಗಿಯರ ಮನೆತನದ ಹೆಸರು ಮದುವೆಯಲ್ಲಿ ಬದಲಾಗಿತ್ತು. ಅಪ್ಪ ಅಮ್ಮ ಮಾತ್ರ ಹಳೆಯ ವಿಳಾಸದಲ್ಲೇ ಇದ್ದರು. ಅವರಿಗೇ ಅಂಚೆ ಕಾರ್ಡು ಕಳಿಸಿ, ಮಗ ಏನು ಓದಿದ, ಮಗಳು ಎಲ್ಲಿದ್ದಾಳೆ ಎಂದು ಕೇಳಿದರು. ಉತ್ತರಿಸದವರಿಗೆ ಮತ್ತೆ ಕಾರ್ಡು, ಆಮೇಲೆ ಫೋನು. ಶೇಕಡಾ 87 ಮಂದಿಯ ಮಾಹಿತಿ ಬಂತು! ಇಂದು ಆನ್‌ಲೈನ್ ಸಮೀಕ್ಷೆ ನಡೆಸುವವರು ಇಂಥ ಸಂಖ್ಯೆಯನ್ನು ಕನಸಿನಲ್ಲೂ ಕಾಣರು.

1975ರಲ್ಲಿ 9,138 ಮಂದಿಯ ಸಂದರ್ಶನವಾಯಿತು. ನಂತರ ಒಡಹುಟ್ಟಿದವರೂ ಸೇರಿದರು. ಪಂಚ್ ಕಾರ್ಡಿನಲ್ಲಿದ್ದ ದತ್ತಾಂಶ ಕಂಪ್ಯೂಟರಿಗೆ, ಮುಂದೆ ಅಂತರ್ಜಾಲಕ್ಕೆ ಬಂತು. ಡಿಎನ್‌ಎ ಬೇಕಾದಾಗಲೂ ಮನೆಮನೆಗೆ ನರ್ಸ್ ಹೋಗಲಿಲ್ಲ. ಎಂಜಲು ಸಂಗ್ರಹದ ಪುಟ್ಟ ಡಬ್ಬಿ ಅಂಚೆಯಲ್ಲಿ ಹೋಗಿ ಅಂಚೆಯಲ್ಲೇ ಮರಳಿತು.

ಮಿತಿಗಳು ಸಣ್ಣವಲ್ಲ. ಬಹುತೇಕ ಎಲ್ಲರೂ ಬಿಳಿಯರು. ನಡುವೆ ಶಾಲೆ ಬಿಟ್ಟವರಿಗೆ ಇಲ್ಲಿ ಜಾಗವೇ ಸಿಗಲಿಲ್ಲ. ಆದರೂ ಹದಿನೆಂಟರ ಕನಸಿನಿಂದ ಮುಪ್ಪಿನ ಮರೆವಿನವರೆಗೆ ಅದೇ ಜನರನ್ನು ಕೇಳುತ್ತ ಬಂದ ದಾಖಲೆಗಳು ಬಹಳ ಅಪರೂಪ. ಒಂದು ಸುತ್ತು ಮುಗಿದರೆ ಇನ್ನೊಂದಕ್ಕೆ ಹೊಸದಾಗಿ ಅನುದಾನ ಬೇಡಬೇಕು. ಸುತ್ತುಗಳ ನಡುವೆ ಹತ್ತಕ್ಕೂ ಹೆಚ್ಚು ವರ್ಷ ಸರಿದದ್ದೂ ಉಂಟು. ಬಳಗದ ಬಹುತೇಕರು ಹುಟ್ಟಿದ್ದು 1939ರ ಆಸುಪಾಸಿನಲ್ಲಿ. ದುಡ್ಡು ಮಂಜೂರಾಗಿ ಮುಂದಿನ ಫೋನು ರಿಂಗಾಗುವಷ್ಟರಲ್ಲಿ ಎತ್ತಿಕೊಳ್ಳುವವರು ಇನ್ನಷ್ಟು ಕಡಿಮೆಯಾಗಿರುತ್ತಾರೆ.