ಮನೆಗೊಂದು ಹೂವು, ಮನೆತನಕ್ಕೊಂದು ಗುಟ್ಟು

ಹತ್ತೊಂಬತ್ತನೆಯ ಶತಮಾನದ ಐರ್ಲೆಂಡಿನ ಹಳ್ಳಿಗಳಲ್ಲಿ ಕ್ರೋಷಾ ಹೆಣೆಯುತ್ತ ಕುಳಿತ ಹೆಂಗಸರು, ನೆರೆಮನೆಯವರು ಒಳಗೆ ಬಂದರೆ ಕೈಯಲ್ಲಿದ್ದ ಕೆಲಸವನ್ನು ಥಟ್ಟನೆ ಮರೆಮಾಡುತ್ತಿದ್ದರಂತೆ. ಒಂದು ಮನೆಯವರು ಗುಲಾಬಿ ಹೆಣೆಯುವುದರಲ್ಲಿ ನಿಪುಣರಾದರೆ, ಇನ್ನೊಂದು ಮನೆಯವರದು ಮೂರೆಲೆಯ ಶ್ಯಾಮ್‌ರಾಕ್, ಮತ್ತೊಂದು ಮನೆಯವರದು ದ್ರಾಕ್ಷಿ ಗೊಂಚಲು. ತಾಯಿಯಿಂದ ಮಗಳಿಗೆ ಬಂದ ಆ ನಮೂನೆ ಮನೆತನದ ಆಸ್ತಿ. ಅದನ್ನು ಕಾಗದದ ಮೇಲೆ ಬರೆದಿಡುವ ರೂಢಿ ಇರಲಿಲ್ಲ. ಕಣ್ಣಿನಿಂದ ನೋಡಿ ಕೈಯಿಂದ ಕಲಿಯಬೇಕಿತ್ತು.

ದಾರದ ಒಂದು ಹೂವಿಗೆ ಇಷ್ಟೊಂದು ಕಾವಲು ಏಕೆ? ಇದಕ್ಕೆ ಉತ್ತರ ಆ ನಾಡು ಕಂಡ ಹಸಿವಿನಲ್ಲಿದೆ.

ಹಾಸನದ ಆಲೂಗೆಡ್ಡೆ ಬೆಳೆಗಾರರಿಗೂ ಚೆನ್ನಾಗಿ ಗೊತ್ತಿರುವ ಅಂಗಮಾರಿ ರೋಗ 1845ರಲ್ಲಿ ಐರ್ಲೆಂಡಿನ ಬೆಳೆಗೆ ತಗುಲಿತು. ಅಲ್ಲಿನ ಬಡವರಿಗೆ ಆಲೂಗೆಡ್ಡೆ ಬಿಟ್ಟರೆ ಬೇರೆ ಊಟವೇ ಇರಲಿಲ್ಲ. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವು ಮತ್ತು ರೋಗಕ್ಕೆ ಬಲಿಯಾದರು. ಹೆಚ್ಚುಕಡಿಮೆ ಅಷ್ಟೇ ಮಂದಿ ಹಡಗು ಹತ್ತಿ ದೇಶ ಬಿಟ್ಟರು. ಹೊಲದಲ್ಲಿ ಕೆಲಸವಿಲ್ಲದ ಆ ದಿನಗಳಲ್ಲಿ ಕ್ರೈಸ್ತ ಸಂನ್ಯಾಸಿನಿಯರು ಹಾಗೂ ಪಾದ್ರಿಗಳ ಮನೆಯ ಹೆಂಗಸರು ಹಳ್ಳಿಯ ಹೆಣ್ಣುಮಕ್ಕಳಿಗೆ ಕ್ರೋಷಾ ಕಲಿಸಿದರು. ಮೊನಾಹನ್ ಪ್ರಾಂತದ ಕ್ಲೋನಿಸ್ ಎಂಬ ಊರಿನಲ್ಲಿ ಪಾದ್ರಿಯ ಪತ್ನಿ ಕಸಾಂಡ್ರಾ ಹ್ಯಾಂಡ್ 1847ರಲ್ಲಿ ಈ ಕೆಲಸ ಆರಂಭಿಸಿದರು. ಒಂದು ಕೊಕ್ಕೆ ಕಡ್ಡಿ, ಒಂದಿಷ್ಟು ಹತ್ತಿಯ ದಾರ, ಇಷ್ಟೇ ಬಂಡವಾಳ. ಸೂಜಿಯಿಂದ ಮಾಡುವ ಇಟಲಿಯ ವೆನಿಸ್ ಲೇಸಿಗೆ ತಿಂಗಳುಗಟ್ಟಲೆ ಬೇಕಾದರೆ, ಅದರ ಹೋಲಿಕೆಯನ್ನು ಕೊಕ್ಕೆಯಲ್ಲಿ ಬೇಗನೆ ತರಬಹುದಿತ್ತು.

ನಮೂನೆ ಎಷ್ಟು ಅಪರೂಪವೋ ಬೆಲೆ ಅಷ್ಟು ಹೆಚ್ಚು. ನೆರೆಯವಳು ಅದನ್ನು ಕಲಿತರೆ ಮನೆಯ ಊಟಕ್ಕೇ ಸಂಚಕಾರ. ಗುಟ್ಟಿನ ಮೂಲ ಇದು.

ಹೂವು ಹುಟ್ಟುವ ಬಗೆ

ಐರಿಷ್ ಕ್ರೋಷಾದಲ್ಲಿ ಬಟ್ಟೆಯನ್ನು ಒಂದೇ ಸಮನೆ ಹೆಣೆಯುವುದಿಲ್ಲ. ಹೂವು, ಎಲೆ, ಕಾಯಿಗಳನ್ನು ಒಂದೊಂದಾಗಿ, ದಪ್ಪ ದಾರವನ್ನು ಒಳಗಿಟ್ಟು ಉಬ್ಬುವಂತೆ ಮಾಡಿಕೊಳ್ಳುತ್ತಾರೆ. ಅವುಗಳನ್ನು ಒಂದು ಬಟ್ಟೆಯ ಮೇಲೆ ಬೋರಲಾಗಿ ಜೋಡಿಸಿ ಟಾಕು ಹಾಕುತ್ತಾರೆ. ನಡುವಿನ ಜಾಗವನ್ನು ಬಲೆಯಂತೆ ಹೆಣೆದು ತುಂಬಿ, ಕೊನೆಗೆ ಕೆಳಗಿನ ಬಟ್ಟೆಯನ್ನು ಬಿಡಿಸಿ ತೆಗೆಯುತ್ತಾರೆ. ಈ ಕ್ರಮದಿಂದಾಗಿ ಒಂದು ಮನೆಯ ಗುಲಾಬಿ, ಇನ್ನೊಂದು ಮನೆಯ ಎಲೆ ಸೇರಿ ಒಂದು ಕೊರಳಪಟ್ಟಿ ಸಿದ್ಧವಾಗುತ್ತಿತ್ತು. ಯಾರೂ ತಮ್ಮ ಗುಟ್ಟು ಬಿಟ್ಟುಕೊಡಬೇಕಾಗಿರಲಿಲ್ಲ.

ಹೊಸ ನಮೂನೆ ಕಟ್ಟುವುದು ಬರಿಯ ಕಲ್ಪನೆಯ ಮಾತಲ್ಲ, ಲೆಕ್ಕದ ಮಾತೂ ಹೌದು. ಕಡ್ಡಿಗೆ ಒಮ್ಮೆ ದಾರ ಸುತ್ತಿ ಎಳೆಯುವ ಉದ್ದನೆಯ 'ಕಂಬ'ಗಳಿಂದ ವೃತ್ತ ಮಾಡಬೇಕಾದರೆ ಮೊದಲ ಸುತ್ತಿಗೆ 12, ಎರಡನೆಯದಕ್ಕೆ 24, ಮೂರನೆಯದಕ್ಕೆ 36 ಎಂದು ಪ್ರತಿ ಸುತ್ತಿಗೂ 12 ಹೆಚ್ಚಿಸುತ್ತ ಹೋಗಬೇಕು. ಆಗ ವೃತ್ತ ಚಪ್ಪಟೆಯಾಗಿ ಕೂರುತ್ತದೆ. ಕಡಿಮೆ ಹೆಚ್ಚಿಸಿದರೆ ಬಟ್ಟಲಿನಂತೆ ಮೇಲೇಳುತ್ತದೆ, ಅತಿಯಾಗಿ ಹೆಚ್ಚಿಸಿದರೆ ಝಾಲರಿಯಂತೆ ಸುರುಟುತ್ತದೆ. ಹೂವಿನ ದಳ ಬಾಗುವುದೂ ಎಲೆ ಮಡಿಚುವುದೂ ಈ ಲೆಕ್ಕದ ಏರುಪೇರಿನಿಂದಲೇ. 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ಟೈಮಿನಾ, ಹೀಗೆ ಸುರುಟುವ ಕ್ರೋಷಾದಿಂದಲೇ ಜ್ಯಾಮಿತಿಯ ಒಂದು ಕ್ಲಿಷ್ಟ ಮೇಲ್ಮೈಯ ಮಾದರಿ ತಯಾರಿಸಿ ವಿದ್ಯಾರ್ಥಿಗಳ ಕೈಗೆ ಕೊಟ್ಟರು. ಕಾಗದದ ಮಾದರಿ ಹರಿಯುತ್ತಿತ್ತು, ದಾರದ್ದು ಉಳಿಯಿತು!

ನಮ್ಮ ಹಿತ್ತಿಲಿನ ಕಥೆ

ಭಾರತಕ್ಕೂ ಈ ಕಲೆ ಬಂದದ್ದು ಮಿಷನರಿಗಳ ಕೈಯಿಂದ. ಆಂಧ್ರದ ಗೋದಾವರಿ ಮುಖಜ ಭೂಮಿಯ ನರಸಾಪುರದ ಸುತ್ತ ಅದು ದೊಡ್ಡ ಗೃಹೋದ್ಯಮವಾಗಿ ಬೆಳೆಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿನ ಹೆಂಗಸರ ಬದುಕನ್ನು ಅಧ್ಯಯನ ಮಾಡಿ 1982ರಲ್ಲಿ ಪುಸ್ತಕ ಪ್ರಕಟಿಸಿದರು. ಅವರು ಎತ್ತಿ ತೋರಿಸಿದ ಸಂಗತಿ ಮನಸ್ಸಿಗೆ ನಾಟುವಂಥದು. ಹೊರದೇಶಗಳಿಗೆ ಹೋಗುವ ಲೇಸನ್ನು ದಿನದಲ್ಲಿ ಹಲವು ಗಂಟೆ ಕುಳಿತು ಹೆಣೆಯುವ ಈ ಹೆಂಗಸರನ್ನು ಯಾರೂ ಕೆಲಸಗಾರರೆಂದು ಎಣಿಸುತ್ತಿರಲಿಲ್ಲ. ಅವರು 'ಮನೆಯಲ್ಲಿ ಸುಮ್ಮನೆ ಕೂತವರು', ಹೆಣಿಗೆ 'ಬಿಡುವಿನ ಕೆಲಸ'. ಆದ್ದರಿಂದಲೇ ಕೂಲಿಯೂ ಕಡಿಮೆ. ಲಾಭ ವ್ಯಾಪಾರಿಗಳ ಪಾಲು.

ಕರ್ನಾಟಕದ ಮನೆಗಳಲ್ಲಿ ಕ್ರೋಷಾ ಮಾರಾಟಕ್ಕಿಂತ ಮನೆಬಳಕೆಗೇ ಹೆಚ್ಚು ಹೊಂದಿಕೊಂಡಿತು. ಬಾಗಿಲ ತೋರಣ, ಟಿ.ವಿ.ಯ ಮೇಲಿನ ಹೊದಿಕೆ, ಅಂಚಿಗೆ ಮಣಿ ಪೋಣಿಸಿದ ಲೋಟದ ಮುಚ್ಚಳ, ಕೂಸಿನ ಕುಲಾವಿ ಇವನ್ನು ನೋಡದವರು ಯಾರು? ಇಲ್ಲಿಯೂ ನಮೂನೆ ಹಂಚಿಕೆಯಾದದ್ದು ಮಾದರಿ ತುಣುಕಿನಿಂದ. ಅತ್ತೆ ಹೆಣೆದ ತುಣುಕನ್ನು ಎದುರಿಗಿಟ್ಟುಕೊಂಡು ಸೊಸೆ ಸರಪಳಿ ಎಣಿಸುತ್ತಾಳೆ, ತನಗೆ ತೋಚಿದಂತೆ ಒಂದು ದಳ ಸೇರಿಸುತ್ತಾಳೆ.

ಚೌಕುಳಿ ಕ್ರೋಷಾದಲ್ಲಿ ಈ ಹೊಸತನಕ್ಕೆ ಇನ್ನೂ ಸುಲಭದ ದಾರಿಯಿದೆ. ಅದರಲ್ಲಿರುವುದು ತುಂಬಿದ ಚೌಕ, ಖಾಲಿ ಚೌಕ ಎರಡೇ. ಲೆಕ್ಕದ ಪುಸ್ತಕದ ಚೌಕುಳಿ ಹಾಳೆಯಲ್ಲಿ ಪೆನ್ಸಿಲಿನಿಂದ ಚೌಕ ತುಂಬಿಸಿದರೆ ನಮೂನೆ ಸಿದ್ಧ. ಧಾರವಾಡದ ಕಸೂತಿಯಲ್ಲಿ ಎಳೆ ಎಣಿಸಿ ಮೂಡಿಸುವ ಗೋಪುರ, ತೇರು, ತುಳಸಿ ವೃಂದಾವನ, ಆನೆಗಳನ್ನು ಹೀಗೆ ಸುಲಭವಾಗಿ ದಾರಕ್ಕೆ ಇಳಿಸಬಹುದು. ಅಜ್ಜಿಯ ಇಳಕಲ್ ಸೀರೆಯ ಮೇಲಿನ ಗೋಪುರ ಮೊಮ್ಮಗಳ ಕಿಟಕಿಯ ಪರದೆಗೆ ಬರಲು ಒಂದು ಹಾಳೆ ಸಾಕು.

ಐರ್ಲೆಂಡಿನಲ್ಲಿ ಮನೆಯ ಗುಟ್ಟು ಒಂದು ಕಾಲಕ್ಕೆ ಅನ್ನ ಕೊಟ್ಟಿತು. ಆದರೆ 1880ರ ದಶಕದಲ್ಲಿ ಯಂತ್ರದ ನಕಲಿ ಲೇಸು ಮಾರುಕಟ್ಟೆಗೆ ಬಂತು, ಮೊದಲ ಮಹಾಯುದ್ಧದ ನಂತರ ಉಡುಪಿನ ಅಭಿರುಚಿಯೂ ಬದಲಾಯಿತು. ಕೊಳ್ಳುವವರಿಲ್ಲದಾಗ ಹೆಣೆಯುವವರೂ ಕಡಿಮೆಯಾದರು. ಎಲ್ಲೂ ಬರೆದಿಡದ ನಮೂನೆ ಅದನ್ನು ಬಲ್ಲ ಕೊನೆಯ ಕೈಯೊಂದಿಗೇ ಹೋಗುತ್ತದೆ. ಉಳಿಯುವುದು ಹಳೆಯ ತುಣುಕು ಮಾತ್ರ. ಅದನ್ನು ಭೂತಗನ್ನಡಿ ಹಿಡಿದು ಎಣಿಸಿ ಮತ್ತೆ ಕಲಿಯಬೇಕು.

ನಮ್ಮಲ್ಲಿ ಇನ್ನೂ ಕಾಲ ಮಿಂಚಿಲ್ಲ. ಟ್ರಂಕಿನ ತಳದಲ್ಲಿ ಹಳದಿಗಟ್ಟಿರುವ ತೋರಣವನ್ನು ಹೊರತೆಗೆದು, ಹೆಣೆದವರು ಇದ್ದರೆ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದು ಸುತ್ತಿನ ಲೆಕ್ಕವನ್ನು ಬರೆದುಕೊಳ್ಳಬಹುದು. ಹಾಳೆಯ ಮೇಲ್ಭಾಗದಲ್ಲಿ ಅವರ ಹೆಸರನ್ನೂ ಬರೆದರೆ, ಇಷ್ಟು ದಿನ 'ಬಿಡುವಿನ ಕೆಲಸ' ಎನಿಸಿಕೊಂಡದ್ದಕ್ಕೆ ಮೊದಲ ಬಾರಿ ಒಬ್ಬ ಕರ್ತೃ ಸಿಕ್ಕಂತಾಗುತ್ತದೆ.