ಚಂಚಿಗೆ ಎದುರು ಜೋಳಿಗೆ

ಕರ್ನಾಟಕದ ಗಡಿಗೆ ಹೊಂದಿದ ಮಹಾರಾಷ್ಟ್ರದ ಗುಂಜೋಟಿ, ಉಮರ್ಗಾ, ನಿಲಂಗಾ, ಉದಗೀರ ಸೀಮೆಯಲ್ಲಿ ತಂಬಾಕು ಹೊಗೆಯಾಗಿ ಹೋಗುವುದಕ್ಕಿಂತ ಬಾಯಲ್ಲಿ ಕರಗುವುದೇ ಹೆಚ್ಚು. ಅಂಗೈಯಲ್ಲಿ ಸುಣ್ಣ ಬೆರೆಸಿ ಹೆಬ್ಬೆರಳಿನಿಂದ ತಿಕ್ಕಿ ದವಡೆಗೆ ಒತ್ತಿಕೊಳ್ಳುವ ತಂಬಾಕು, ಅಡಿಕೆಚೂರಿನೊಡನೆ ಪ್ಲಾಸ್ಟಿಕ್ ಹಾಳೆಯಲ್ಲಿ ತಿಕ್ಕಿ ಕೊಡುವ ಮಾವಾ, ಚೀಟಿಯ ಗುಟ್ಕಾ, ಹೆಂಗಸರು ಹಲ್ಲಿಗೆ ಹಚ್ಚುವ ಸುಟ್ಟ ತಂಬಾಕಿನ ಪುಡಿ ಮಿಶ್ರಿ ಇಲ್ಲಿನ ಮುಖ್ಯ ರೂಪಗಳು. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಮಹಾರಾಷ್ಟ್ರದಲ್ಲಿ 15 ವರ್ಷ ದಾಟಿದವರಲ್ಲಿ ಶೇ 24.4ರಷ್ಟು ಜನ ಹೊಗೆರಹಿತ ತಂಬಾಕು ಬಳಸುತ್ತಿದ್ದರು. ಸೇದುವವರು ಶೇ 3.8 ಮಾತ್ರ. ಕರ್ನಾಟಕದಲ್ಲಿ ಈ ಪ್ರಮಾಣ ಕ್ರಮವಾಗಿ ಶೇ 16.3 ಮತ್ತು ಶೇ 8.8. ಬೀಡಿ ಸಿಗರೇಟಿನ ಹೊಗೆ ಪಕ್ಕದವರ ಮೂಗಿಗೆ ಬಡಿಯುತ್ತದೆ, ಅವರು ತಡೆಯುತ್ತಾರೆ. ದವಡೆಯಲ್ಲಿರುವ ತಂಬಾಕು ಯಾರಿಗೂ ಕಾಣದು. ಈ ಸೀಮೆಯಲ್ಲಿ ತಂಬಾಕು ನಿಯಂತ್ರಣ ಕಠಿಣವಾಗುವುದು ಮೊದಲು ಈ ಕಾರಣಕ್ಕೆ.

ಎರಡನೆಯ ಕಾರಣ ಮರ್ಯಾದೆಯದು. ಎಲೆ, ಅಡಿಕೆ, ತಂಬಾಕು, ಸುಣ್ಣದ ಡಬ್ಬಿ ತುಂಬಿದ ಚಂಚಿಯನ್ನು ಬಿಚ್ಚಿ ಮುಂದಿಡುವುದು ಬಂದವರಿಗೆ ತೋರುವ ಆದರ. ಬೇಡವೆಂದರೆ ಕೊಟ್ಟವರಿಗೆ ಬೇಸರ. ಹೊಲದ ಕೂಲಿಯಲ್ಲಿ, ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಹಸಿವೆ ಮತ್ತು ದಣಿವನ್ನು ಮರೆಸುವ ಅಗ್ಗದ ಸಾಧನವೂ ಅದೇ. ಹಲ್ಲುನೋವಿಗೆ ಮದ್ದೆಂದು ಮಿಶ್ರಿ ಹಚ್ಚಲು ಶುರುಮಾಡಿದ ಹೆಂಗಸಿಗೆ ತಾನು ತಂಬಾಕಿಗೆ ಅಂಟಿಕೊಂಡಿದ್ದೇನೆ ಎಂಬ ಅರಿವೇ ಇರುವುದಿಲ್ಲ.

ಸುಣ್ಣದ ಕೆಲಸವೇನು ಎಂದು ತಿಳಿದರೆ ಈ ಅಂಟು ಅರ್ಥವಾಗುತ್ತದೆ. ಸುಣ್ಣ ಕ್ಷಾರ, ಅದು ಎಲೆಯಲ್ಲಿರುವ ನಿಕೋಟಿನ್ನನ್ನು ಬಿಡಿಸಿ ಬಾಯಿಯ ಒಳಪದರದ ಮೂಲಕ ಬೇಗ ರಕ್ತಕ್ಕೆ ಸೇರುವಂತೆ ಮಾಡುತ್ತದೆ. ನಿಕೋಟಿನ್ ಚಟ ಹಿಡಿಸುತ್ತದೆ. ತಂಬಾಕಿನಲ್ಲಿರುವ ನೈಟ್ರೋಸಮೈನ್‌ನಂಥ ವಸ್ತುಗಳು ಕ್ಯಾನ್ಸರ್ ತರುತ್ತವೆ. ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸಾರಿದೆ. ಮಾವಾ ಮತ್ತು ಗುಟ್ಕಾ ಈ ಎರಡನ್ನೂ ಒಂದೇ ತುತ್ತಿನಲ್ಲಿ ಕೊಡುತ್ತವೆ. ಕೆನ್ನೆಯ ಒಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಖಾರ ತಿಂದರೆ ಉರಿ, ದಿನೇ ದಿನೇ ಕಡಿಮೆ ತೆರೆಯುವ ಬಾಯಿ ಮೊದಲ ಸೂಚನೆಗಳು. ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಿಡಿಸದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಹಳ್ಳಿಗಳಲ್ಲಿ ಕ್ಯಾನ್ಸರ್ ಎಷ್ಟಿದೆ ಎಂದು ಲೆಕ್ಕವಿಡುವ ದೇಶದ ಮೊದಲ ಗ್ರಾಮೀಣ ನೋಂದಣಿ ಕೇಂದ್ರ 1987ರಲ್ಲಿ ಶುರುವಾದದ್ದು ಇದೇ ಭಾಗದ ಬಾರ್ಶಿಯಲ್ಲಿ.

ಮೂರನೆಯ ತೊಡಕು ಗಡಿ. ನಿಲಂಗಾ ಮತ್ತು ಉದಗೀರ 1956ರವರೆಗೆ ಬೀದರ್ ಜಿಲ್ಲೆಯ ತಾಲೂಕುಗಳು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಅವು ಈಗಿನ ಮಹಾರಾಷ್ಟ್ರದತ್ತ ಹೋದವು, ಆಳಂದ ಮತ್ತು ಬಸವಕಲ್ಯಾಣ ಕರ್ನಾಟಕದತ್ತ ಉಳಿದವು. ಬೀಗತನ, ಸಂತೆ, ಜಾತ್ರೆ ಮೊದಲಿನಂತೆಯೇ ನಡೆದವು, ಕಾನೂನು ಮಾತ್ರ ಎರಡಾಯಿತು. ಮಹಾರಾಷ್ಟ್ರ 2012ರ ಜುಲೈನಲ್ಲಿ ಗುಟ್ಕಾ ನಿಷೇಧಿಸಿತು, ಕರ್ನಾಟಕ 2013ರ ಮೇ ಕೊನೆಗೆ. ನಡುವಿನ ಹತ್ತು ತಿಂಗಳು ಒಂದು ಕಡೆ ಅಪರಾಧವಾದ ಚೀಟಿ ಇನ್ನೊಂದು ಕಡೆ ಅಂಗಡಿಯ ಸರಕಾಗಿತ್ತು. ಮಹಾರಾಷ್ಟ್ರದ ನಿಷೇಧದೊಳಗೆ ತಂಬಾಕಿಲ್ಲದ ಪಾನ್ ಮಸಾಲಾ ಕೂಡ ಸೇರಿದೆ. ಕರ್ನಾಟಕದ ಆದೇಶ ತಂಬಾಕು ಅಥವಾ ನಿಕೋಟಿನ್ ಬೆರೆತದ್ದಕ್ಕೆ ಸೀಮಿತ. ಬಿಡಿ ಸಿಗರೇಟು ಮಾರಾಟವನ್ನು ಕರ್ನಾಟಕ 2017ರಲ್ಲಿ, ಮಹಾರಾಷ್ಟ್ರ 2020ರಲ್ಲಿ ತಡೆದವು. 2025ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಕರ್ನಾಟಕದಲ್ಲಿ ತಂಬಾಕು ಕೊಳ್ಳುವ ಕನಿಷ್ಠ ವಯಸ್ಸು 21ಕ್ಕೆ, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 1,000 ರೂಪಾಯಿಗೆ ಏರಿತು. ಕೇಂದ್ರದ 2003ರ ಕಾಯ್ದೆಯಲ್ಲಿ ಇರುವುದು 18 ವರ್ಷ ಮತ್ತು 200 ರೂಪಾಯಿ.

ಎರಡೂ ಕಡೆ ಸಮನಾಗಿ ಅನ್ವಯಿಸುವ ನಿಯಮಗಳೂ ಇವೆ. ಆ 2003ರ ಕಾಯ್ದೆ ಶಿಕ್ಷಣ ಸಂಸ್ಥೆಯಿಂದ 100 ಗಜ, ಅಂದರೆ ಸುಮಾರು 91 ಮೀಟರ್ ಒಳಗೆ ತಂಬಾಕು ಮಾರುವುದನ್ನು ತಡೆಯುತ್ತದೆ. 2015ರ ಬಾಲನ್ಯಾಯ ಕಾಯ್ದೆಯಂತೆ ಮಕ್ಕಳಿಗೆ ತಂಬಾಕು ಕೊಟ್ಟವರಿಗೆ 7 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಸಾರ್ವಜನಿಕ ಸ್ಥಳದಲ್ಲಿ ಸೇದುವವರಿಗೆ ದಂಡ ಹಾಕುವ ಅಧಿಕಾರ ಪೊಲೀಸರಿಗಷ್ಟೇ ಇಲ್ಲ. ಅಧಿಕಾರ ಪಡೆದವರ ಪಟ್ಟಿಯಲ್ಲಿ ಸರಪಂಚ, ಪಂಚಾಯತಿ ಕಾರ್ಯದರ್ಶಿ, ಶಾಲೆಯ ಮುಖ್ಯಸ್ಥರೂ ಸೇರಿದ್ದಾರೆ. ಕಾನೂನಿನ ಒಂದು ತುದಿ ಹೀಗೆ ಊರಿನ ಕೈಯಲ್ಲೇ ಇದೆ.

ಊರಿನ ಕೆಲಸ ಸಾಮಾನ್ಯವಾಗಿ ಶಾಲೆಯಿಂದ ಶುರುವಾಗುತ್ತದೆ. 2002ರಲ್ಲಿ ಹುಟ್ಟಿದ ಸಲಾಮ್ ಬಾಂಬೆ ಫೌಂಡೇಶನ್ ಮುಂಬೈಯಿಂದಾಚೆ ಮಹಾರಾಷ್ಟ್ರದ ಗ್ರಾಮೀಣ ಜಿಲ್ಲೆಗಳಿಗೂ ತಂಬಾಕುಮುಕ್ತ ಶಾಲೆಯ ಕಾರ್ಯಕ್ರಮವನ್ನು ಒಯ್ದಿತು. ಕೇಂದ್ರ ಆರೋಗ್ಯ ಇಲಾಖೆ ಇಡೀ ದೇಶಕ್ಕೆ ಹೊರಡಿಸಿದ ಮಾರ್ಗಸೂಚಿಯಂತೆ ಗೇಟಿನಲ್ಲಿ ಫಲಕವಿರಬೇಕು, ಆವರಣದಲ್ಲಿ ಉಗುಳಿದ ಕಲೆಯಾಗಲೀ ಬೀಡಿಯ ತುಂಡಾಗಲೀ ಕಾಣಬಾರದು, ಶಿಕ್ಷಕರೂ ಸಂದರ್ಶಕರೂ ಒಳಗೆ ತಂಬಾಕು ಬಳಸಬಾರದು, ನಿಗಾ ನೋಡಲು ಒಬ್ಬರನ್ನು ನೇಮಿಸಬೇಕು, 100 ಗಜದ ಗಡಿಗೆ ಹಳದಿ ಗೆರೆ ಎಳೆಯಬೇಕು. ಈ ಗೆರೆಯ ಬಲ ಅದರ ಬಣ್ಣದಲ್ಲಿಲ್ಲ. ಗೆರೆಯೊಳಗಿನ ಟಪರಿಯವ, ಅಂದರೆ ಗೂಡಂಗಡಿಯವ, ಊರವನೇ. ಅವನಿಗೆ ಬೇರೆ ಜಾಗವನ್ನೋ ಬೇರೆ ಸರಕನ್ನೋ ತೋರಿಸುವವರೆಗೆ ಮಾತು ಮುಗಿಯುವುದಿಲ್ಲ. ಹೋಳಿಯಲ್ಲಿ ಗುಟ್ಕಾದ ಪ್ರತಿಕೃತಿ ಸುಡುವ ಮಕ್ಕಳ ಕಾರ್ಯಕ್ರಮಗಳಿಂದ ಸುದ್ದಿ ಮನೆ ತಲುಪುತ್ತದೆ. ಬಿಡಿಸುವ ಕೆಲಸ ಅಲ್ಲಿಂದಾಚೆಗೆ ಉಳಿದಿರುತ್ತದೆ.

ಹಳ್ಳಿಯ ಹೆಂಗಸರು ಸಾರಾಯಿಯ ವಿಷಯದಲ್ಲಿ ಗೆದ್ದ ದಾರಿ ಇಲ್ಲಿ ನೇರವಾಗಿ ಸಿಗದು. ಮಹಾರಾಷ್ಟ್ರದಲ್ಲಿ ಹೆಂಗಸರು ಮತ ಹಾಕಿ ‘ಆಡವಿ ಬಾಟಲಿ’ ಮಾಡಿದರೆ, ಅಂದರೆ ಬಾಟಲಿಯನ್ನು ಅಡ್ಡ ಮಲಗಿಸಿದರೆ, ಮದ್ಯದಂಗಡಿ ಮುಚ್ಚಿಸಬಹುದು. ಎಲ್ಲ ಕಿರಾಣಿ ಅಂಗಡಿಯಲ್ಲೂ ಸಿಗುವ ತಂಬಾಕಿಗೆ ಅಂಥ ಮತದಾನವಿಲ್ಲ. ಗ್ರಾಮಸಭೆಯ ಠರಾವು, ಅಂಗಡಿಯವರ ಒಪ್ಪಿಗೆ, ಬಚತ್ ಗಟದ, ಅಂದರೆ ಸ್ವಸಹಾಯ ಸಂಘದ, ಹೆಂಗಸರ ಒತ್ತಾಯ ಇವೇ ಸಾಧನ. ಅಭಯ್ ಬಂಗ್ ಮತ್ತು ರಾಣಿ ಬಂಗ್ ದಂಪತಿಯ ‘ಸರ್ಚ್’ ಸಂಸ್ಥೆ ಸರಕಾರದ ಜೊತೆಗೂಡಿ 2016ರಲ್ಲಿ ಗಡಚಿರೋಲಿಯಲ್ಲಿ ಆರಂಭಿಸಿದ ‘ಮುಕ್ತಿಪಥ’ ಮದ್ಯ ಮತ್ತು ತಂಬಾಕು ಎರಡನ್ನೂ ಇದೇ ಬಗೆಯ ಗ್ರಾಮ ಸಂಘಟನೆಗಳ ಮೂಲಕ ಎದುರಿಸುತ್ತದೆ.

ಗಡಿಯ ಕನ್ನಡದ ಕಡೆ ಈ ಕೆಲಸಕ್ಕೆ ಇನ್ನೂ ಆಪ್ತವಾದ ಮಾದರಿಯಿದೆ. ಇಳಕಲ್ಲಿನ ಚಿತ್ತರಗಿ ವಿಜಯ ಮಹಾಂತೇಶ ಮಠದ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿದರು. ಅವರು ಬೇಡಿದ್ದು ಕಾಳು ಕಾಸಲ್ಲ, ದುಶ್ಚಟ. ಕುಡಿತ, ಬೀಡಿ, ತಂಬಾಕು, ಗುಟ್ಕಾ ಜೋಳಿಗೆಗೆ ಹಾಕಿ ಬಿಟ್ಟೆನೆನ್ನಿ ಎಂಬುದೇ ಅವರ ಭಿಕ್ಷೆ. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ಕರ್ನಾಟಕದಲ್ಲಿ ವ್ಯಸನಮುಕ್ತ ದಿನವಾಗಿ ಆಚರಣೆಯಾಗುತ್ತಿದೆ. ‘ಮಹಾಂತ ಜೋಳಿಗೆ’ಯ ಜಾಣ್ಮೆ ಅದರ ರೀತಿಯಲ್ಲಿದೆ. ಚಂಚಿ ಆದರದ ಹೆಸರಿನಲ್ಲಿ ಕೊಡುತ್ತದೆ, ಜೋಳಿಗೆ ಭಕ್ತಿಯ ಹೆಸರಿನಲ್ಲಿ ಕೇಳುತ್ತದೆ. ಮನೆಬಾಗಿಲಿಗೆ ಬಂದ ಜಂಗಮರನ್ನು ಬರಿಗೈಯಲ್ಲಿ ಕಳಿಸಲು ಆಗದ ಮನಸ್ಸು ನಾಲ್ಕು ಜನರ ಎದುರು ಮಾತು ಕೊಡುತ್ತದೆ.

ಮನೆಬಾಗಿಲಿಗೆ ಹೋಗುವುದರಿಂದ ಫಲವಿದೆ ಎಂಬುದಕ್ಕೆ ವೈದ್ಯಕೀಯ ಆಧಾರವೂ ಇದೆ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ತಂಡ ಕೇರಳದ ಎರ್ನಾಕುಳಂ ಸೇರಿದಂತೆ ದೇಶದ ಮೂರು ಕಡೆ 36,000 ತಂಬಾಕು ಬಳಕೆದಾರರನ್ನು ಮನೆಯಲ್ಲೇ ಕಂಡು ಬಾಯಿ ಪರೀಕ್ಷಿಸಿ ಬುದ್ಧಿ ಹೇಳಿತು. ಹಾಗೆ ಹೇಳಿಸಿಕೊಂಡವರಲ್ಲಿ ಬಿಟ್ಟವರ ಸಂಖ್ಯೆ ಹೆಚ್ಚಿತು, ಬಿಳಿ ಮಚ್ಚೆ ಹೊಸದಾಗಿ ಕಾಣಿಸುವುದು ತಗ್ಗಿತು ಎಂದು 1986ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯ ವರದಿ ತೋರಿಸಿತು. ಇಂದು ಅದೇ ಹೆಜ್ಜೆ ಆಶಾ ಕಾರ್ಯಕರ್ತೆಯರದು. 30 ದಾಟಿದವರ ಮನೆಗೆ ಅವರು ಒಯ್ಯುವ ಪ್ರಶ್ನಾವಳಿಯಲ್ಲಿ ತಂಬಾಕಿನ ಪ್ರಶ್ನೆಯೂ ಇದೆ. ಮಿಶ್ರಿಯ ಮಾತು ಹೆಂಗಸರ ನಡುವೆಯೇ ಹೊರಬರುವುದರಿಂದ ಇದರ ಬೆಲೆ ದೊಡ್ಡದು.

ಬಿಟ್ಟೆ ಎಂದವರಿಗೆ ಮೊದಲ ಎರಡು ವಾರ ಗಟ್ಟಿ ಪರೀಕ್ಷೆ. ಸಿಡುಕು, ನಿದ್ದೆಗೇಡು, ಚಡಪಡಿಕೆ ಬರುತ್ತವೆ, ನಂತರ ಇಳಿಯುತ್ತವೆ. ಮತ್ತೆ ಮುಟ್ಟಿದವರನ್ನು ಹಂಗಿಸಿದರೆ ಅವರು ಮುಚ್ಚಿಟ್ಟು ತಿನ್ನತೊಡಗುತ್ತಾರೆ. 1800-11-2356 ಎಂಬ ಶುಲ್ಕರಹಿತ ರಾಷ್ಟ್ರೀಯ ಸಹಾಯವಾಣಿ 2016ರಿಂದ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮುಂಬೈಯ ಟಾಟಾ ಸ್ಮಾರಕ ಕೇಂದ್ರಗಳು ಜೊತೆಗೂಡಿದ ಮೇಲೆ ಅಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಸಲಹೆ ಸಿಗುತ್ತದೆ. ಮನೆಯಲ್ಲಿ ಒಂದು, ಸಂತೆಯಲ್ಲಿ ಇನ್ನೊಂದು ನುಡಿ ಆಡುವ ಗಡಿಯವರಿಗೆ ಇದು ಅನುಕೂಲ.

ಕೇಂದ್ರ ಸರಕಾರದ 2023ರ ತಂಬಾಕುಮುಕ್ತ ಯುವ ಅಭಿಯಾನದಿಂದ ಇಡೀ ಊರನ್ನೇ ತಂಬಾಕುಮುಕ್ತ ಗ್ರಾಮವೆಂದು ಘೋಷಿಸುವ ಕ್ರಮಕ್ಕೆ ಒತ್ತು ಬಂದಿದೆ. ನಾಗಾಲ್ಯಾಂಡಿನ ಗರಿಫೆಮಾ 2014ರಲ್ಲೇ ಈ ಘೋಷಣೆ ಮಾಡಿಕೊಂಡಿತ್ತು. ಗಡಿಯ ಊರು ಒಂಟಿಯಾಗಿ ಘೋಷಿಸಿಕೊಂಡರೆ ಸಂತೆಯ ದಿನವೇ ಅದು ಸೋರುತ್ತದೆ. ಒಂದೇ ಸಂತೆಗೆ ಬರುವ ಅತ್ತಲ ಇತ್ತಲ ಪಂಚಾಯತಿಗಳು ಒಂದೇ ಠರಾವು ಮಾಡಿದಾಗ, ಮದುವೆ ಮನೆಯ ತಟ್ಟೆಯಲ್ಲಿ ತಂಬಾಕಿನ ಜಾಗಕ್ಕೆ ಸೋಂಪು, ಲವಂಗ ಬಂದಾಗ, ಎರಡು ರಾಜ್ಯದ ಕಾನೂನಿನ ನಡುವಿನ ಸಂದು ಮುಚ್ಚುತ್ತದೆ.